ಮುಟ್ಟಾಗದ ಇಲಿಯಲ್ಲಿ ಮುಟ್ಟಿನ ನೋವಿನ ಹುಡುಕಾಟ

ಕೋತಿಯ ಕಣ್ಣಿನೊಳಗೆ ಮುಟ್ಟು ನಡೆಯುವುದನ್ನು ಒಬ್ಬ ವಿಜ್ಞಾನಿ ಕಣ್ಣಾರೆ ಕಂಡಿದ್ದಾರೆ. ಅಮೆರಿಕದ ಅಂಗರಚನಾ ತಜ್ಞ ಜೋಸೆಫ್ ಎಲ್ಡ್ರಿಜ್ ಮಾರ್ಕಿ ಅವರು ರೀಸಸ್ ಕೋತಿಗಳ ಗರ್ಭಕೋಶದ ಒಳಪದರದಿಂದ ಪುಟ್ಟ ಚೂರುಗಳನ್ನು ತೆಗೆದು, ಆಯಾ ಕೋತಿಯ ಕಣ್ಣಿನಲ್ಲೇ, ಕಾರ್ನಿಯಾದ ಹಿಂದೆ ನೀರಿನಂಥ ದ್ರವ ತುಂಬಿರುವ ಜಾಗದಲ್ಲಿ ನೆಟ್ಟರು. ಚೂರು ಅಲ್ಲಿ ಬೇರೂರಿತು. ಕಣ್ಣಿನ ರಕ್ತನಾಳಗಳು ಅದಕ್ಕೆ ರಕ್ತ ಒದಗಿಸಿದವು. ಕಾರ್ನಿಯಾ ಪಾರದರ್ಶಕವಾದ್ದರಿಂದ ಸೂಕ್ಷ್ಮದರ್ಶಕ ಹಿಡಿದರೆ ಸಾಕು, ಗಾಜಿನ ಕಿಟಕಿಯಾಚೆ ಕಂಡಂತೆ ಎಲ್ಲವೂ ಕಾಣುತ್ತಿತ್ತು. ಮುಟ್ಟಿನ ದಿನ ಹತ್ತಿರವಾದಂತೆ ಆ ಚೂರು ಕುಗ್ಗಿತು. ಸುರುಳಿ ಸುತ್ತಿದ ಸಣ್ಣ ಅಪಧಮನಿಗಳು ಇನ್ನಷ್ಟು ಬಿಗಿದುಕೊಂಡವು. ಕೆಲವು ಗಂಟೆ ರಕ್ತದ ಓಡಾಟವೇ ನಿಂತಂತಾಯಿತು. ಆಮೇಲೆ ಒಂದೊಂದೇ ನಾಳ ಸಡಿಲಗೊಂಡು, ಗೋಡೆ ಒಡೆದು, ಕಣ್ಣಿನೊಳಗೇ ರಕ್ತ ಜಿನುಗಿತು. ಗರ್ಭಕೋಶದಲ್ಲಿ ಮುಟ್ಟಾದಾಗ ಕಣ್ಣಿನಲ್ಲೂ ಮುಟ್ಟಾಯಿತು. 1940ರಲ್ಲಿ ಪ್ರಕಟವಾದ ಈ ವರದಿಯನ್ನು ಸ್ತ್ರೀರೋಗ ವಿಜ್ಞಾನ ಇಂದಿಗೂ ನೆನೆಯುತ್ತದೆ.

ಮಾರ್ಕಿ ಹುಡುಕುತ್ತಿದ್ದುದು ಮುಟ್ಟಿನ ರಕ್ತ ಹೇಗೆ ಬರುತ್ತದೆ ಎಂಬುದನ್ನು. ಆದರೆ ಅವರ ಪ್ರಯೋಗ ಇನ್ನೊಂದು ಸಂಗತಿಯನ್ನೂ ತೋರಿಸಿತು. ಗರ್ಭಕೋಶದ ಒಳಪದರವನ್ನು ಎಲ್ಲಿ ಕೊಂಡುಹೋಗಿ ನೆಟ್ಟರೂ ಅದು ತನ್ನ ಸ್ವಭಾವ ಬಿಡುವುದಿಲ್ಲ. ಹಾರ್ಮೋನು ಏರಿದಾಗ ಬೆಳೆಯುತ್ತದೆ, ಇಳಿದಾಗ ಒಡೆದು ರಕ್ತ ಸುರಿಸುತ್ತದೆ. ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯಲ್ಲಿ ಆಗುವುದೂ ಇದೇ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯದ ಮೇಲೆ, ಹೊಟ್ಟೆಯ ಒಳಪೊರೆಯ ಮೇಲೆ, ಕರುಳು ಮತ್ತು ಮೂತ್ರಕೋಶದ ಸುತ್ತ ಬೆಳೆಯುತ್ತದೆ. ಅಲ್ಲಿ ಸುರಿದ ರಕ್ತಕ್ಕೆ ಹೊರದಾರಿ ಇಲ್ಲ. ಉರಿಯೂತವಾಗುತ್ತದೆ, ಗಂಟು ಕಟ್ಟುತ್ತದೆ, ಒಂದು ಅಂಗಕ್ಕೆ ಇನ್ನೊಂದು ಅಂಟಿಕೊಳ್ಳುತ್ತದೆ. ಅಂಡಾಶಯದಲ್ಲಿ ಹಳೆಯ ರಕ್ತ ಕಂದು ಬಣ್ಣಕ್ಕೆ ತಿರುಗಿ ಚೀಲ ಕಟ್ಟಿಕೊಂಡರೆ ಅದನ್ನೇ ನಮ್ಮ ಹೆಂಗಸರು ‘ಚಾಕೊಲೇಟ್ ಸಿಸ್ಟ್ ಆಗಿದೆಯಂತೆ’ ಎಂದು ಹೇಳುವುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಹಿಳೆಯರಿಗೆ, ಅಂದರೆ ಮುಟ್ಟಾಗುವ ವಯಸ್ಸಿನ ಪ್ರತಿ 10 ಮಂದಿಯಲ್ಲಿ ಒಬ್ಬರಿಗೆ ಇದು ಇದೆ. ನೋವು ಶುರುವಾದ ಮೇಲೆ ಕಾಯಿಲೆಗೆ ಹೆಸರು ಸಿಗಲು 4ರಿಂದ 12 ವರ್ಷ ಹಿಡಿಯುತ್ತದೆ. ‘ಎಲ್ಲರಿಗೂ ಆಗುತ್ತೆ, ತಡ್ಕೋ’, ‘ಮದುವೆಯಾದ್ರೆ ಸರಿಹೋಗುತ್ತೆ’, ‘ಒಂದು ಮಗು ಆಗ್ಲಿ’ ಎನ್ನುತ್ತಲೇ ಈ ವರ್ಷಗಳು ಕಳೆಯುತ್ತವೆ. ಬುಡಸಹಿತ ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಇರುವುದು ಹಾರ್ಮೋನು ಮಾತ್ರೆ, ನೋವಿನ ಮಾತ್ರೆ, ಶಸ್ತ್ರಚಿಕಿತ್ಸೆ. ನೂರು ವರ್ಷಗಳಿಂದ ಪ್ರಾಣಿಗಳ ಮೇಲೆ ಪ್ರಯೋಗ ನಡೆದಿದೆ; ಆದರೂ ಪರಿಸ್ಥಿತಿ ಹೀಗಿದೆ. ಇದಕ್ಕೆ ಕಾರಣ ಹುಡುಕಿದರೆ, ಪ್ರಯೋಗಾಲಯದಲ್ಲಿ ಯಾವ ಪ್ರಾಣಿ ಇತ್ತು ಎಂಬುದರ ಜೊತೆಗೆ ಆ ಪ್ರಾಣಿಗೆ ನಾವು ಯಾವ ಪ್ರಶ್ನೆ ಕೇಳಿದೆವು ಎಂಬುದನ್ನೂ ನೋಡಬೇಕಾಗುತ್ತದೆ.

ಮೊದಲು ಪ್ರಾಣಿಯ ವಿಷಯ. ಔಷಧ ಸಂಶೋಧನೆಗೆ ಅಚ್ಚುಮೆಚ್ಚಿನ ಜೀವಿ ಸುಂಡಿಲಿ. ಅಗ್ಗ, ಬೇಗ ಮರಿ ಹಾಕುತ್ತದೆ, ಅದರ ಜೀನುಗಳನ್ನು ಬೇಕಾದಂತೆ ಬದಲಿಸಬಹುದು. ಆದರೆ ಸುಂಡಿಲಿ ಮುಟ್ಟಾಗುವುದಿಲ್ಲ. ಇಲಿಯೂ ಇಲ್ಲ, ಮೊಲವೂ ಇಲ್ಲ. ಹಸು, ಎಮ್ಮೆಗಳೂ ಇಲ್ಲ. ಬೆದೆಗೆ ಬಂದ ನಾಯಿಯಿಂದ ಒಸರುವ ರಕ್ತವನ್ನು ನೋಡಿ ಅದನ್ನೂ ಮುಟ್ಟೆಂದೇ ಹಲವರು ತಿಳಿದಿದ್ದಾರೆ. ಅದು ಬೇರೆಯೇ ಪ್ರಕ್ರಿಯೆ. ಸಸ್ತನಿಗಳಲ್ಲಿ ನಿಜವಾಗಿ ಮುಟ್ಟಾಗುವ ಪ್ರಭೇದಗಳು ಶೇ 2ಕ್ಕಿಂತ ಕಡಿಮೆ: ಮನುಷ್ಯರು, ವಾನರಗಳು, ಏಷ್ಯಾ ಆಫ್ರಿಕಾದ ಕೋತಿಗಳು, ಕೆಲವು ಬಾವಲಿಗಳು, ಆಫ್ರಿಕಾದ ಎಲಿಫೆಂಟ್ ಶ್ರೂ ಎಂಬ ಉದ್ದ ಮೂತಿಯ ಪುಟ್ಟ ಪ್ರಾಣಿ ಮೊದಲಾದವು. ನಮ್ಮ ದೇಶದ ಗುಹೆಗಳಲ್ಲಿ, ಪಾಳು ಕಟ್ಟಡಗಳಲ್ಲಿ ಜೋತುಬೀಳುವ ಹಣ್ಣುಬಾಕ ಬಾವಲಿ ರೌಸೆಟಸ್ ಲೆಶೆನಾಲ್ಟಿಗೂ ಸುಮಾರು 33 ದಿನಗಳ ಋತುಚಕ್ರವಿದೆ ಎಂಬುದು 2007ರಲ್ಲಿ ಪ್ರಕಟವಾದ ಅಧ್ಯಯನದಿಂದ ಗೊತ್ತಾಯಿತು. ನಮ್ಮ ಬೆಟ್ಟ, ದೇವಸ್ಥಾನಗಳಲ್ಲಿ ಬಾಳೆಹಣ್ಣು ಕಸಿದು ಓಡುವ ಬಾನೆಟ್ ಕೋತಿಗೂ ತಿಂಗಳಿಗೊಮ್ಮೆ ಮುಟ್ಟಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್, ಎ. ಜಗನ್ನಾಥ ರಾವ್ ಮೊದಲಾದವರು ಸಂತಾನೋತ್ಪತ್ತಿ ಹಾರ್ಮೋನುಗಳನ್ನು ಅರಿಯಲು ದಶಕಗಳ ಕಾಲ ಈ ಕೋತಿಯನ್ನೇ ನೆಚ್ಚಿಕೊಂಡಿದ್ದಕ್ಕೆ ಮನುಷ್ಯರೊಂದಿಗಿನ ಇಂಥ ಹೋಲಿಕೆಯೇ ಕಾರಣ.

ಈ ವ್ಯತ್ಯಾಸ ಏಕೆ? ಸುಂಡಿಲಿಯ ಗರ್ಭಕೋಶ ನೆಂಟರು ಬಂದ ಮೇಲೆ ಚಾಪೆ ಹಾಸುವ ಮನೆಯಂತೆ. ಭ್ರೂಣ ಬಂದು ಗೋಡೆಗೆ ತಾಗಿದ ಮೇಲೆಯೇ ಅದರ ಒಳಪದರ ಗರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ಬಾರದಿದ್ದರೆ ಬದಲಾವಣೆಯೇ ಇಲ್ಲ, ಕಳಚಿ ಬೀಳುವಂಥದ್ದೂ ಏನಿಲ್ಲ. ಮನುಷ್ಯರ ಗರ್ಭಕೋಶ ಹಾಗಲ್ಲ. ನೆಂಟರು ಬರಲಿ ಬಿಡಲಿ, ಪ್ರತಿ ತಿಂಗಳೂ ಹಾಸಿಗೆ ಹಾಸಿ ಸಿದ್ಧವಾಗಿರುತ್ತದೆ. ಒಮ್ಮೆ ಹಾಗೆ ಬದಲಾದ ಒಳಪದರ ಹಿಂದಿನ ಸ್ಥಿತಿಗೆ ಮರಳಲಾರದು. ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಇಳಿದ ಕೂಡಲೇ ಒಡೆದು ಹೊರಬರಲೇಬೇಕು. ಹೊರಬರುವಾಗ ಎಲ್ಲವೂ ಕೆಳಗೇ ಇಳಿಯುವುದಿಲ್ಲ. ಒಂದಷ್ಟು ಗರ್ಭನಾಳಗಳ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ.

ಈ ಹಿಮ್ಮುಖ ಹರಿವೇ ಕಾಯಿಲೆಯ ಮೂಲ ಎಂದು 1927ರಲ್ಲಿ ವಾದಿಸಿದವರು ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಶಸ್ತ್ರವೈದ್ಯ ಜಾನ್ ಸ್ಯಾಂಪ್ಸನ್. ಈ ಕಾಯಿಲೆಯ ಹೆಸರು ಬಳಕೆಗೆ ಬಂದದ್ದೂ ಅವರಿಂದಲೇ. ಅದಕ್ಕೂ ಮೊದಲು, 1922ರಲ್ಲಿ, ವಿ. ಸಿ. ಜೇಕಬ್ಸನ್ ಮೊಲಗಳ ಹೊಟ್ಟೆಯಲ್ಲಿ ಗರ್ಭಕೋಶದ ಚೂರುಗಳನ್ನು ನೆಟ್ಟು, ಅವು ಬದುಕುತ್ತವೆ ಎಂದು ತೋರಿಸಿದ್ದರು. ಆದರೆ ಕೈಯಾರೆ ನೆಡುವುದು ಬೇರೆ, ಮುಟ್ಟಿನ ರಕ್ತದಲ್ಲಿ ತೇಲಿಬಂದ ಚೂರು ತಾನಾಗಿ ಬೇರೂರುವುದು ಬೇರೆ. ಇದನ್ನು ಪರೀಕ್ಷಿಸಿದವರು ಜಾನ್ಸ್ ಹಾಪ್ಕಿನ್ಸ್‌ನ ರಿಚರ್ಡ್ ಟೆ ಲಿಂಡೆ ಮತ್ತು ರೋಜರ್ ಸ್ಕಾಟ್. ಅವರು ರೀಸಸ್ ಕೋತಿಗಳ ಗರ್ಭಕೋಶವನ್ನು ತಿರುಗಿಸಿ, ಅದರ ಬಾಯಿ ಹೊಟ್ಟೆಯೊಳಕ್ಕೇ ತೆರೆಯುವಂತೆ ಹೊಲಿದರು. ಪ್ರತಿ ತಿಂಗಳ ಮುಟ್ಟೂ ಹೊಟ್ಟೆಯೊಳಗೇ ಸುರಿಯಿತು. 1950ರ ಅವರ ವರದಿಯಂತೆ 10 ಕೋತಿಗಳಲ್ಲಿ 5ಕ್ಕೆ ಎಂಡೊಮೆಟ್ರಿಯೋಸಿಸ್ ಬಂತು.

ಉಳಿದ ಐದಕ್ಕೆ ಏಕೆ ಬರಲಿಲ್ಲ? ಈ ಪ್ರಶ್ನೆ ಇಂದಿಗೂ ಜೀವಂತವಾಗಿದೆ. 1984ರಲ್ಲಿ ಸಂಶೋಧಕ ಹಾಲ್ಮೆ ಮತ್ತು ಸಂಗಡಿಗರು ಮುಟ್ಟಿನ ದಿನಗಳಲ್ಲಿ ಮಹಿಳೆಯರಿಗೆ ಲ್ಯಾಪರೊಸ್ಕೋಪಿ, ಅಂದರೆ ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗೆ ನೋಡುವ ಪರೀಕ್ಷೆ, ಮಾಡಿದಾಗ, ಗರ್ಭನಾಳ ತೆರೆದಿದ್ದವರಲ್ಲಿ ಶೇ 90ರಷ್ಟು ಮಂದಿಯ ಹೊಟ್ಟೆಯಲ್ಲಿ ಮುಟ್ಟಿನ ರಕ್ತ ಕಂಡಿತು. ರಕ್ತ ಹಿಂದಕ್ಕೆ ಹರಿಯುವುದು ಬಹುತೇಕ ಎಲ್ಲರಲ್ಲೂ. ಕಾಯಿಲೆ ಬರುವುದು ಹತ್ತರಲ್ಲಿ ಒಬ್ಬರಿಗೆ. ಬಿದ್ದ ಬೀಜವೆಲ್ಲ ಮೊಳೆಯುವುದಿಲ್ಲ. ಮಣ್ಣಿನಲ್ಲಿ, ಅಂದರೆ ರೋಗನಿರೋಧಕ ವ್ಯವಸ್ಥೆಯಲ್ಲಿ, ಜೀನುಗಳಲ್ಲಿ, ಏನೋ ವ್ಯತ್ಯಾಸ ಇರಲೇಬೇಕು.

ಆ ವ್ಯತ್ಯಾಸದ ಕೆಲವು ಸುಳಿವುಗಳು ಬೇರೆ ಉದ್ದೇಶಕ್ಕೆ ಸಾಕಿದ ಕೋತಿಗಳಿಂದ ಸಿಕ್ಕವು. 1960ರ ದಶಕದಲ್ಲಿ ಅಮೆರಿಕದ ವಾಯುಪಡೆ, ಗಗನಯಾತ್ರಿಗಳಿಗೆ ವಿಕಿರಣದಿಂದ ಆಗಬಹುದಾದ ಅಪಾಯ ತಿಳಿಯಲು ರೀಸಸ್ ಕೋತಿಗಳ ಮೇಲೆ ಪ್ರೋಟಾನ್ ವಿಕಿರಣ ಹಾಯಿಸಿತ್ತು. ಬದುಕುಳಿದ ಹೆಣ್ಣುಗಳನ್ನು ದಶಕಗಳ ಕಾಲ ಗಮನಿಸಿದಾಗ ಶೇ 53ರಷ್ಟಕ್ಕೆ ಎಂಡೊಮೆಟ್ರಿಯೋಸಿಸ್ ಇತ್ತು. ವಿಕಿರಣಕ್ಕೆ ಒಡ್ಡದವುಗಳಲ್ಲಿ ಶೇ 26. ಆ ಕಾಲದಲ್ಲಿ ಅಮೆರಿಕದ ಪ್ರಯೋಗಾಲಯಗಳಿಗೆ ರೀಸಸ್ ಕೋತಿಗಳು ಹೋಗುತ್ತಿದ್ದುದು ಹೆಚ್ಚಾಗಿ ಭಾರತದಿಂದಲೇ. ವೈದ್ಯಕೀಯ ಉಪಯೋಗಕ್ಕೆಂದು ಕೊಟ್ಟ ಪ್ರಾಣಿಗಳನ್ನು ಸೇನೆಯ ವಿಕಿರಣ ಪ್ರಯೋಗಗಳಿಗೆ ಬಳಸಿದ ಸುದ್ದಿ ಹೊರಬಿದ್ದ ಮೇಲೆ, ಮೊರಾರ್ಜಿ ದೇಸಾಯಿ ಸರ್ಕಾರ 1978ರಲ್ಲಿ ರಫ್ತನ್ನೇ ನಿಲ್ಲಿಸಿತು. ಅದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ.

ಅಮೆರಿಕದ ವಿಸ್ಕಾನ್ಸಿನ್‌ನ ಕಥೆ ಇನ್ನೂ ಗಾಢ. ಅಲ್ಲಿ 1977ರಿಂದ ನಾಲ್ಕು ವರ್ಷ ಕಾಲ ಹೆಣ್ಣು ರೀಸಸ್ ಕೋತಿಗಳ ಆಹಾರದಲ್ಲಿ ಡಯಾಕ್ಸಿನ್ ಎಂಬ ವಿಷ ರಾಸಾಯನಿಕವನ್ನು ಬೆರೆಸಲಾಗಿತ್ತು. ಪ್ರಮಾಣ ಅತ್ಯಲ್ಪ: ಆಹಾರದ ಒಂದು ಲಕ್ಷ ಕೋಟಿ ಭಾಗಕ್ಕೆ 5 ಭಾಗ ಅಥವಾ 25 ಭಾಗ. ವಿಷ ಉಣಿಸುವುದು ನಿಂತು ಸುಮಾರು ಹತ್ತು ವರ್ಷಗಳಾದ ಮೇಲೆ ಕೋತಿಗಳ ಹೊಟ್ಟೆ ಪರೀಕ್ಷಿಸಿದಾಗ, ಕಡಿಮೆ ಪ್ರಮಾಣ ತಿಂದ 7ರಲ್ಲಿ 3ಕ್ಕೆ, ಹೆಚ್ಚು ತಿಂದ 7ರಲ್ಲಿ 5ಕ್ಕೆ ಮಧ್ಯಮದಿಂದ ತೀವ್ರ ಮಟ್ಟದ ಎಂಡೊಮೆಟ್ರಿಯೋಸಿಸ್ ಇತ್ತು. ಈ ಪರೀಕ್ಷೆಗೆ ನೆರವಾದದ್ದು ಮಿಲ್ವಾಕಿಯಲ್ಲಿ ಮೇರಿ ಲೂ ಬಾಲ್ವೆಗ್ ಮೊದಲಾದವರು 1980ರಲ್ಲಿ ಕಟ್ಟಿದ ರೋಗಿಗಳದೇ ಸಂಘ. ತಮ್ಮ ಕಾಯಿಲೆಯ ಕಾರಣವನ್ನು ಕಾಯಿಲೆಯವರೇ ಬೆನ್ನುಹತ್ತಿ ಹುಡುಕಿಸಿದ್ದು ಸಣ್ಣ ಮಾತಲ್ಲ. 1993ರಲ್ಲಿ ಶೆರ್ರಿ ರಿಯರ್ ಮತ್ತು ಸಂಗಡಿಗರು ಪ್ರಕಟಿಸಿದ ಈ ವರದಿ ದೊಡ್ಡ ಸುದ್ದಿಯಾಯಿತು. ಆಮೇಲೆ ಅದೇ ಕೋತಿಗಳ ರಕ್ತದಲ್ಲಿ ಡಯಾಕ್ಸಿನ್‌ನಂಥ ಬೇರೆ ರಾಸಾಯನಿಕಗಳೂ ಪತ್ತೆಯಾದವು. 1976ರಲ್ಲಿ ಇಟಲಿಯ ಸೆವೆಸೊ ಕಾರ್ಖಾನೆ ದುರಂತದಲ್ಲಿ ಡಯಾಕ್ಸಿನ್‌ಗೆ ಸಿಲುಕಿದ ಮಹಿಳೆಯರ ಅಧ್ಯಯನದಲ್ಲಿ ಸಂಬಂಧ ಖಚಿತವಾಗಿ ಸಾಬೀತಾಗಲಿಲ್ಲ. ಹೀಗಾಗಿ ಡಯಾಕ್ಸಿನ್ ಇಂದು ಶಂಕಿತರ ಪಟ್ಟಿಯಲ್ಲಿದೆ, ತೀರ್ಪು ಬಂದಿಲ್ಲ.

ಕೀನ್ಯಾದ ನೈರೋಬಿಯ ಹೊರವಲಯದ ಪ್ರೈಮೇಟ್ ಸಂಶೋಧನಾ ಸಂಸ್ಥೆಯಲ್ಲಿ ಬೆಲ್ಜಿಯಂನ ಥಾಮಸ್ ಡೀಹೂಗೆ 1990ರ ದಶಕದಲ್ಲಿ ಬಬೂನ್‌ಗಳನ್ನು ಅಧ್ಯಯನ ಮಾಡಿದರು. ಬಬೂನ್‌ಗೆ ಸುಮಾರು 33 ದಿನಕ್ಕೊಮ್ಮೆ ಮುಟ್ಟಾಗುತ್ತದೆ. ಅದರ ಹೊಟ್ಟೆಯಲ್ಲೂ ರಕ್ತ ಹಿಂದಕ್ಕೆ ಹರಿಯುತ್ತದೆ. ಕಾಯಿಲೆ ತಾನಾಗಿಯೂ ಬರುತ್ತದೆ. ಬೋನಿನಲ್ಲಿ ಹೆಚ್ಚು ವರ್ಷ ಕಳೆದಷ್ಟೂ ಕಾಯಿಲೆ ಹೆಚ್ಚು ಎಂಬುದನ್ನು ಅವರು ಕಂಡರು. ಕಾಡಿನ ಬಬೂನ್ ತನ್ನ ಆಯುಷ್ಯದ ಬಹುಪಾಲು ಬಸುರಿ ಅಥವಾ ಬಾಣಂತಿ, ಮುಟ್ಟಾಗುವುದೇ ಅಪರೂಪ. ಬೋನಿನಲ್ಲಿ ಮರಿಯಿಲ್ಲದೆ ಕಳೆದ ತಿಂಗಳುಗಳೆಲ್ಲ ಮುಟ್ಟಿನ ತಿಂಗಳುಗಳು. ಅಮೆರಿಕದಲ್ಲಿ ಅಸ್ಗರಲಿ ಫಜ್ಲೆಅಬಾಸ್ ತಂಡ ಬಬೂನ್‌ನ ಮುಟ್ಟಿನ ಅಂಗಾಂಶವನ್ನು ಅದರದೇ ಹೊಟ್ಟೆಗೆ ಸೇರಿಸಿ, ಆಮೇಲೆ ತಿಂಗಳಾನುಗಟ್ಟಲೆ ಗಮನಿಸಿತು. ಹೊರಗೆ ಗಂಟು ಬೆಳೆದ ಮೇಲೆ ಗರ್ಭಕೋಶದ ಒಳಗಿನ ಪದರವೇ ಬದಲಾಗಿ, ಪ್ರೊಜೆಸ್ಟೆರಾನ್‌ನ ಮಾತು ಕೇಳದಂತಾಗುವುದು ತಿಳಿಯಿತು. ಆಸ್ಪತ್ರೆಗೆ ಬಂದ ಮಹಿಳೆಯಲ್ಲಿ ಗಂಟು ಮೊದಲೋ ಈ ಬದಲಾವಣೆ ಮೊದಲೋ ಹೇಳಲಾಗದು. ಆಕೆ ಬರುವಷ್ಟರಲ್ಲಿ ಹಲವು ವರ್ಷ ಕಳೆದಿರುತ್ತವೆ. ಯಾವುದರ ನಂತರ ಯಾವುದು ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲ ಪ್ರಾಣಿ ಮಾದರಿಗೆ ಹೀಗೊಂದು ನಿಜವಾದ ಬೆಲೆಯಿದೆ.

ಆದರೆ ಕೋತಿ ಸಾಕುವುದು ದುಬಾರಿ, ನಿಧಾನ, ಮನಸ್ಸಿಗೂ ಭಾರ. ಹೆಚ್ಚಿನ ಕೆಲಸ ಇಲಿಗಳಿಗೇ ಬಂತು. ಕೆಂಟಕಿ ವಿಶ್ವವಿದ್ಯಾಲಯದ ಮೈಕೆಲ್ ವರ್ನನ್ ಮತ್ತು ಎಮೆರಿ ವಿಲ್ಸನ್ 1985ರಲ್ಲಿ ತೋರಿಸಿದ ವಿಧಾನ ಇಂದಿಗೂ ನಡೆಯುತ್ತಿದೆ. ಇಲಿಯ ಗರ್ಭಕೋಶ ನಮ್ಮಂತೆ ಒಂದೇ ಚೀಲವಲ್ಲ. ಕವೆಗೋಲಿನಂತೆ ಎರಡು ಕೊಂಬುಗಳು. ಅರಿವಳಿಕೆ ಕೊಟ್ಟು ಹೊಟ್ಟೆ ತೆರೆದು, ಒಂದು ಕೊಂಬಿನ ಭಾಗ ಕತ್ತರಿಸಿ, ಅದನ್ನು ಕೆಲವೇ ಮಿಲಿಮೀಟರ್ ಅಗಲದ ಚೌಕಗಳಾಗಿ ಮಾಡಿ, ಸಣ್ಣ ಕರುಳಿಗೆ ರಕ್ತ ಒಯ್ಯುವ ನಾಳಗಳ ಪಕ್ಕ ಹೊಲಿಯುತ್ತಾರೆ. ವಾರಗಳಲ್ಲಿ ಪ್ರತಿ ಚೌಕವೂ ನೀರು ತುಂಬಿದ ಗುಳ್ಳೆಯಾಗುತ್ತದೆ. ಹೋಲಿಕೆಗೆಂದು ಇನ್ನೊಂದು ಗುಂಪಿನ ಇಲಿಗಳಿಗೆ ಅದೇ ಜಾಗದಲ್ಲಿ ಕೊಬ್ಬಿನ ಚೂರು ಹೊಲಿಯುತ್ತಾರೆ. ಅಂಡಾಶಯ ತೆಗೆದರೆ ಗುಳ್ಳೆ ಕುಗ್ಗುತ್ತದೆ, ಈಸ್ಟ್ರೋಜೆನ್ ಕೊಟ್ಟರೆ ಮತ್ತೆ ಉಬ್ಬುತ್ತದೆ. ಔಷಧ ಕೊಡು, ಗುಳ್ಳೆ ಅಳೆ. ಅಳತೆ ಇಷ್ಟು ಸಲೀಸಾದದ್ದೇ ಮುಂದೆ ತೊಡಕಾಯಿತು.

ಇನ್ನೊಂದು ದಾರಿ, ಮಹಿಳೆಯರಿಂದ ಪಡೆದ ಅಂಗಾಂಶವನ್ನೇ ಸುಂಡಿಲಿಗೆ ಸೇರಿಸುವುದು. ಇದಕ್ಕೆ ಬೇಕಾದದ್ದು ಥೈಮಸ್ ಗ್ರಂಥಿಯಿಲ್ಲದ, ಮೈಮೇಲೆ ಕೂದಲಿಲ್ಲದ ಸುಂಡಿಲಿ. ಅದರ ರೋಗನಿರೋಧಕ ವ್ಯವಸ್ಥೆ ದುರ್ಬಲವಾದ್ದರಿಂದ ಪರಕೀಯ ಅಂಗಾಂಶವನ್ನು ತಳ್ಳಿಹಾಕುವುದಿಲ್ಲ. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕೆವಿನ್ ಆಸ್ಟೀನ್ ತಂಡ 1997ರಲ್ಲಿ ಇಂಥ ಸುಂಡಿಲಿಗಳಲ್ಲಿ, ಅಂಗಾಂಶವನ್ನು ಕರಗಿಸುವ ಕಿಣ್ವಗಳನ್ನು ಪ್ರೊಜೆಸ್ಟೆರಾನ್ ತಡೆದರೆ ಗಂಟು ಬೇರೂರದು ಎಂದು ತೋರಿಸಿತು. ಒಳ್ಳೆಯ ಕೆಲಸ. ಆದರೆ ರೋಗನಿರೋಧಕ ಕೋಶಗಳೇ ಮುಖ್ಯ ಪಾತ್ರಧಾರಿಗಳಾಗಿರುವ ಕಾಯಿಲೆಯನ್ನು ಅವು ಅರೆಬರೆಯಾಗಿರುವ ಪ್ರಾಣಿಯಲ್ಲಿ ಪೂರ್ತಿ ಅರಿಯಲಾಗದು.

ಈಗ ಪ್ರಶ್ನೆಯ ವಿಷಯಕ್ಕೆ ಬರುತ್ತೇನೆ. ವೈದ್ಯರ ಬಳಿ ಬರುವ ಮಹಿಳೆ ‘ನನ್ನ ಗಂಟು ಎಷ್ಟು ಮಿಲಿಮೀಟರ್ ಇದೆ’ ಎಂದು ಕೇಳಿಕೊಂಡು ಬರುವುದಿಲ್ಲ. ನೋವು ತಾಳಲಾರದೆ ಬರುತ್ತಾಳೆ, ಇಲ್ಲವೇ ಮಗುವಾಗಲಿಲ್ಲ ಎಂದು ಬರುತ್ತಾಳೆ. ಗಂಟಿನ ಗಾತ್ರಕ್ಕೂ ನೋವಿಗೂ ನೇರ ಲೆಕ್ಕವಿಲ್ಲ ಎಂಬುದು ಸ್ತ್ರೀರೋಗ ತಜ್ಞರಿಗೆ ಬಹಳ ಹಿಂದೆಯೇ ಗೊತ್ತು. ಹೊಟ್ಟೆ ತುಂಬ ಗಂಟುಗಳಿದ್ದೂ ನೋವಿಲ್ಲದವರಿದ್ದಾರೆ. ಸಾಸಿವೆಯಷ್ಟು ಚುಕ್ಕೆಗಳಿಗೇ ಹಾಸಿಗೆ ಹಿಡಿದವರಿದ್ದಾರೆ. ಆದರೂ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಅಳೆದದ್ದು ಗಾತ್ರವನ್ನೇ.

ಇದರ ಫಲ ಎರಡು ಔಷಧಗಳ ಕಥೆಯಲ್ಲಿದೆ. ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆದಾಗ ಬಬೂನ್‌ಗಳಲ್ಲಿ ಗಂಟು ಕುಗ್ಗಿತ್ತು. ಒಂದಲ್ಲ, ಬೇರೆ ಬೇರೆ ಅಧ್ಯಯನಗಳಲ್ಲಿ ಕುಗ್ಗಿತ್ತು. ಅದೇ ಪ್ರೋಟೀನನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಔಷಧವನ್ನು ತೀವ್ರ ನೋವಿದ್ದ 21 ಮಹಿಳೆಯರ ಪ್ರಯೋಗದಲ್ಲಿ ಪರೀಕ್ಷಿಸಿದಾಗ, 2008ರ ವರದಿಯಂತೆ, ಔಷಧ ಪಡೆದವರಿಗೂ ಹುಸಿ ಔಷಧ ಪಡೆದವರಿಗೂ ನೋವು ಒಂದೇ ರೀತಿ ಶೇ 30ರಷ್ಟು ಇಳಿಯಿತು. ಅಂದರೆ ಔಷಧದಿಂದ ಲಾಭವಿಲ್ಲ. ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗ ಇನ್ನೂ ಬೇಸರದ್ದು. ಪ್ರಾಣಿಗಳಲ್ಲಿ ಗಂಟು ಕುಗ್ಗಿಸಿದ್ದ ರಾಲಾಕ್ಸಿಫೀನ್ ಎಂಬ ಮಾತ್ರೆಯನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪಮೇಲಾ ಸ್ಟ್ರಾಟನ್ ತಂಡ 93 ಮಹಿಳೆಯರ ಪ್ರಯೋಗದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಕೊಟ್ಟು ನೋಡಿತು. ಮಾತ್ರೆ ತೆಗೆದುಕೊಂಡವರಿಗೆ ಹುಸಿ ಮಾತ್ರೆಯವರಿಗಿಂತ ಬೇಗನೆ ನೋವು ಮರಳಿತು. ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಎರಡನೆಯ ಬಾರಿ ಲ್ಯಾಪರೊಸ್ಕೋಪಿ ಮಾಡಿ ನೋಡಿದರೆ, ನೋವು ಮರಳಿದ್ದಕ್ಕೂ ಗಂಟು ಇದ್ದುದಕ್ಕೂ ಸಂಬಂಧವೇ ಕಾಣಲಿಲ್ಲ.

ಆ ಮಹಿಳೆಯರು ನೋವು ಕಡಿಮೆಯಾದೀತೆಂಬ ಆಸೆಯಿಂದ ಪ್ರಯೋಗಕ್ಕೆ ಒಪ್ಪಿಕೊಂಡವರು. ಪ್ರಾಣಿಗಳಂತೂ ಒಪ್ಪಿಗೆ ಕೊಟ್ಟವಲ್ಲ. ಒಂದು ಜೀವವನ್ನು ಪ್ರಯೋಗಕ್ಕೆ ಒಡ್ಡುವುದಾದರೆ, ಕೇಳುವ ಪ್ರಶ್ನೆಯಾದರೂ ಕಾಯಿಲೆಯವರು ಕೇಳುತ್ತಿರುವ ಪ್ರಶ್ನೆಯೇ ಆಗಿರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಹಾಗೆ ಕೇಳಿದವರಲ್ಲಿ ಫ್ಲಾರಿಡಾ ರಾಜ್ಯ ವಿಶ್ವವಿದ್ಯಾಲಯದ ಕ್ಯಾರನ್ ಬರ್ಕ್ಲಿ ಮೊದಲಿಗರು. ಅವರು ಮೂಲತಃ ನರವಿಜ್ಞಾನಿ. ಇಲಿ ತನ್ನ ನೋವನ್ನು ತಾನೇ ಹೇಳುವಂಥ ಏರ್ಪಾಟೊಂದನ್ನು ಅವರ ತಂಡ ಮಾಡಿತು. ಇಲಿಯ ಯೋನಿಯಲ್ಲಿ ಪುಟ್ಟ ಬಲೂನೊಂದನ್ನು ಇಟ್ಟು ಸ್ವಲ್ಪ ಸ್ವಲ್ಪವೇ ಉಬ್ಬಿಸುತ್ತಾರೆ. ಇಲಿಯ ಮುಂದೆ ಒಂದು ಕೊಳವೆ, ಕೊಳವೆಗೆ ಅಡ್ಡಲಾಗಿ ಒಂದು ಬೆಳಕಿನ ಕಿರಣ. ತಲೆ ಮುಂದೆ ಚಾಚಿ ಕಿರಣ ಕಡಿದರೆ ಬಲೂನಿನ ಗಾಳಿ ಇಳಿಯುತ್ತದೆ. ಇಲಿ ಇದನ್ನು ಬೇಗ ಕಲಿಯುತ್ತದೆ. ಎಷ್ಟು ಉಬ್ಬಿದಾಗ ಅದು ‘ಸಾಕು’ ಎನ್ನುತ್ತದೆ ಎಂಬುದೇ ನೋವಿನ ಅಳತೆ. ಹೊಟ್ಟೆಯಲ್ಲಿ ಗುಳ್ಳೆ ಬೆಳೆದಿದ್ದ ಇಲಿಗಳು ಆರೋಗ್ಯವಂತ ಇಲಿಗಳಿಗಿಂತ ಬಹಳ ಬೇಗ ತಲೆ ಚಾಚಿದವು. ಈಸ್ಟ್ರೋಜೆನ್ ಏರಿದ ದಿನಗಳಲ್ಲಂತೂ ಇನ್ನೂ ಬೇಗ. ಗುಳ್ಳೆ ಇದ್ದದ್ದು ಕರುಳಿನ ಬಳಿ. ನೋವು ಹೆಚ್ಚಿದ್ದು ಯೋನಿಯಲ್ಲಿ. ಕಾಯಿಲೆ ಒಂದು ಕಡೆ, ನೋವು ಇನ್ನೊಂದು ಕಡೆ ಎಂದು ಮಹಿಳೆಯರು ಹೇಳುತ್ತ ಬಂದದ್ದನ್ನು ಇಲಿಯೂ ಹೇಳಿತು.

ಕಾರಣ ಹುಡುಕುತ್ತ ಹೋದ ಬರ್ಕ್ಲಿ ತಂಡ 2004ರಲ್ಲಿ ಆ ಗುಳ್ಳೆಗಳೊಳಗೆ ನರಗಳು ಚಿಗುರಿರುವುದನ್ನು ವರದಿ ಮಾಡಿತು. ಗುಳ್ಳೆ ತನಗೆ ಬೇಕಾದ ರಕ್ತನಾಳದ ಜೊತೆಗೆ ನರವನ್ನೂ ಎಳೆದುಕೊಂಡು, ಮೆದುಳಿಗೇ ಒಂದು ತಂತಿ ಹಾಕಿಕೊಂಡಿತ್ತು. ಮಹಿಳೆಯರ ಗಂಟುಗಳಲ್ಲೂ ನರಗಳಿರುವುದು ದೃಢಪಟ್ಟಿತು. ಒಂದೇ ಗಾತ್ರದ ಎರಡು ಗಂಟುಗಳಲ್ಲಿ ಒಂದು ನೋಯುವುದು, ಇನ್ನೊಂದು ನೋಯದಿರುವುದು ಹೇಗೆ ಎಂಬುದಕ್ಕೆ ಇದು ಉತ್ತರದ ಒಂದು ಭಾಗ. ನೋವು ಆಕೆಯ ಮನಸ್ಸಿನ ಕಲ್ಪನೆ ಎನ್ನುವವರಿಗೆ ಈ ನರಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಬಹುದು.

ಮುಟ್ಟಾಗದ ಸುಂಡಿಲಿಯಲ್ಲಿ ಮುಟ್ಟನ್ನೇ ತರಿಸುವ ಪ್ರಯತ್ನವೂ ನಡೆದಿದೆ. ಅಂಡಾಶಯ ತೆಗೆದು, ಹಾರ್ಮೋನುಗಳನ್ನು ಕ್ರಮವಾಗಿ ಕೊಟ್ಟು, ಗರ್ಭಕೋಶಕ್ಕೆ ತುಸು ಎಣ್ಣೆ ಸೇರಿಸಿ ಭ್ರೂಣ ಬಂದ ಭ್ರಮೆ ಹುಟ್ಟಿಸಿ, ಆಮೇಲೆ ಪ್ರೊಜೆಸ್ಟೆರಾನ್ ನಿಲ್ಲಿಸಿದರೆ ಸುಂಡಿಲಿಗೂ ರಕ್ತಸ್ರಾವವಾಗುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಎರಿನ್ ಗ್ರೀವ್ಸ್ ಮತ್ತು ಫಿಲಿಪ್ಪಾ ಸಾಂಡರ್ಸ್ ತಂಡ 2014ರಲ್ಲಿ ಹೀಗೆ ಕಳಚಲಿದ್ದ ಪದರವನ್ನು ಅದೇ ತಳಿಯ ಇನ್ನೊಂದು ಸುಂಡಿಲಿಯ ಹೊಟ್ಟೆಗೆ ಚುಚ್ಚಿ ಸೇರಿಸಿತು. ಇಲ್ಲಿ ಹೊಲಿಗೆಯೂ ಇಲ್ಲ, ರೋಗನಿರೋಧಕ ವ್ಯವಸ್ಥೆಯೂ ಪೂರ್ತಿ ಇದೆ. ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳು ಕಸ ಗುಡಿಸಲೆಂದು ಗಂಟಿನ ಬಳಿ ಬಂದು, ಐಜಿಎಫ್-1 ಎಂಬ ಪ್ರೋಟೀನು ಸುರಿಸಿ, ನರಗಳನ್ನು ಬೆಳೆಸಿ ಕೆರಳಿಸುತ್ತವೆ ಎಂಬುದು ಇಂಥ ಮಾದರಿಯಿಂದ 2019ರಲ್ಲಿ ತಿಳಿಯಿತು. 2024ರಲ್ಲಿ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಮೈಕೆಲ್ ರೋಜರ್ಸ್ ತಂಡ ನರಗಳೂ ಸುಮ್ಮನಿಲ್ಲ ಎಂದು ತೋರಿಸಿತು: ಅವು ಸಿಜಿಆರ್‌ಪಿ ಎಂಬ ಸಂದೇಶ ಕಳಿಸಿ ಮ್ಯಾಕ್ರೊಫೇಜ್‌ಗಳನ್ನೇ ಬದಲಿಸುತ್ತವೆ. ಈ ಸಂದೇಶ ತಡೆಯುವ ಔಷಧಗಳು ಅರೆತಲೆನೋವಿಗೆಂದು ಈಗಾಗಲೇ ಬಳಕೆಯಲ್ಲಿವೆ. ಅವನ್ನು ಕೊಟ್ಟಾಗ ಸುಂಡಿಲಿಗಳ ನೋವೂ ಇಳಿಯಿತು, ಗಂಟೂ ಕುಗ್ಗಿತು. ಈ ತಂಡ ಕೇವಲ ಗಾತ್ರ ಅಳೆದು ಸುಮ್ಮನಾಗಲಿಲ್ಲ. ಹೊಟ್ಟೆಗೆ ಸಣ್ಣ ಎಳೆ ತಾಗಿಸಿದಾಗ ಪ್ರಾಣಿ ಬೆಚ್ಚುತ್ತದೆಯೇ, ಯಾರೂ ಮುಟ್ಟದಿದ್ದಾಗಲೂ ಹೊಟ್ಟೆ ನೆಕ್ಕಿಕೊಳ್ಳುತ್ತದೆಯೇ, ಮೈ ಹಿಂಡಿಕೊಳ್ಳುತ್ತದೆಯೇ ಎಂದು ನೋಡಿತು.

ಸುಂಡಿಲಿಗೂ ಕೋತಿಗೂ ನಡುವೆ ಮಹಿಳೆಯರನ್ನೇ ಇರಿಸಿಕೊಂಡು ನಡೆದ ಅಧ್ಯಯನ 2021ರದ್ದು. ಆಕ್ಸ್‌ಫರ್ಡ್‌ನ ಕ್ರಿನಾ ಝೊಂಡರ್ವಾನ್ ಮತ್ತು ಸಂಗಡಿಗರು ಕಾಯಿಲೆ ವಂಶದಲ್ಲೇ ಇದ್ದ ಕುಟುಂಬಗಳ ಜೀನುಗಳನ್ನು ನೋಡಿದರು. ವಿಸ್ಕಾನ್ಸಿನ್‌ನಲ್ಲಿ ವಂಶಾವಳಿ ಬರೆದಿಟ್ಟಿದ್ದ ಸುಮಾರು 850 ರೀಸಸ್ ಕೋತಿಗಳಲ್ಲೂ ಅದನ್ನೇ ಹುಡುಕಿದರು. ಎರಡೂ ಕಡೆ ಬೆರಳು ತೋರಿದ್ದು ಎನ್‌ಪಿಎಸ್‌ಆರ್1 ಎಂಬ ಒಂದೇ ಜೀನಿನತ್ತ. ಅದರ ಕೆಲಸ ತಡೆಯುವ ರಾಸಾಯನಿಕವನ್ನು ಸುಂಡಿಲಿಗಳಿಗೆ ಕೊಟ್ಟಾಗ ಉರಿಯೂತ ಮತ್ತು ಹೊಟ್ಟೆನೋವು ಇಳಿದವು. ಪ್ರಾಣಿ ಮಾದರಿ ಹೀಗಿರಬೇಕು ಎನ್ನಿಸುವುದು ಇಂಥ ಕೆಲಸ ನೋಡಿದಾಗ: ಪ್ರಶ್ನೆ ಮಹಿಳೆಯಿಂದ ಹೊರಟು, ಪ್ರಾಣಿಯಲ್ಲಿ ಪರೀಕ್ಷೆಗೊಳಗಾಗಿ, ಮತ್ತೆ ಮಹಿಳೆಯ ಕಡೆಗೇ ಮರಳುತ್ತದೆ.

ಈ ನಡುವೆ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ನಾದಿಯಾ ಬೆಲ್ಲೊಫಿಯೊರೆ 2017ರಲ್ಲಿ, ಬೆನ್ನ ಮೇಲೆ ಮುಳ್ಳಿನಂಥ ಕೂದಲಿರುವ ಈಜಿಪ್ಟಿನ ಮುಳ್ಳಿಲಿ ತಾನಾಗಿಯೇ ಮುಟ್ಟಾಗುತ್ತದೆ ಎಂದು ವರದಿ ಮಾಡಿದರು. 9 ದಿನದ ಚಕ್ರ, ಅದರಲ್ಲಿ ಸುಮಾರು 3 ದಿನ ಸ್ರಾವ. ಇಲಿಯಷ್ಟೇ ಚಿಕ್ಕದಾದ, ಮುಟ್ಟಾಗುವ ಪ್ರಾಣಿ ಸಿಕ್ಕಿದ್ದು ಹೊಸ ಬಾಗಿಲು ತೆರೆದಂತೆ. ಇನ್ನೊಂದೆಡೆ, ಸ್ವತಃ ಈ ಕಾಯಿಲೆಯಿಂದ ನರಳಿದ ಎಂಐಟಿಯ ಎಂಜಿನಿಯರ್ ಲಿಂಡಾ ಗ್ರಿಫಿತ್, ಮಹಿಳೆಯರ ಕೋಶಗಳನ್ನೇ ಪುಟ್ಟ ಚಿಪ್‌ಗಳ ಮೇಲೆ ಬೆಳೆಸಿ ಔಷಧ ಪರೀಕ್ಷಿಸುವ ದಾರಿ ಹುಡುಕುತ್ತಿದ್ದಾರೆ. ಭಾರತವೂ 2023ರಲ್ಲಿ ನಿಯಮ ತಿದ್ದಿ, ಹೊಸ ಔಷಧಗಳ ಪರೀಕ್ಷೆಯಲ್ಲಿ ಪ್ರಾಣಿಗಳ ಬದಲು ಇಂಥ ವಿಧಾನಗಳಿಗೂ ಅವಕಾಶ ಕೊಟ್ಟಿದೆ. ಚಿಪ್‌ಗೆ ನೋವಾಗುವುದಿಲ್ಲ, ಹಾಗಾಗಿ ನೋವಿನ ಪ್ರಶ್ನೆಗೆ ಅದೊಂದೇ ಸಾಲದು. ಆದರೆ ಅನಗತ್ಯವಾಗಿ ಹೋಗುವ ಎಷ್ಟೋ ಜೀವಗಳನ್ನು ಅದು ಉಳಿಸಬಲ್ಲದು.

ಹೊಸ ಔಷಧ ಬರುವ ತನಕ ಕಾಯಬೇಕಿಲ್ಲದ ಕೆಲಸವೊಂದು ನಮ್ಮ ಮನೆಗಳಲ್ಲೇ ಇದೆ. ಇಲಿ ತನ್ನ ನೋವು ಹೇಳಲು ಬೆಳಕಿನ ಕಿರಣ ಕಡಿಯಬೇಕಾಯಿತು. ನಮ್ಮ ಹುಡುಗಿಯರು ಬಾಯಿಬಿಟ್ಟೇ ಹೇಳುತ್ತಿದ್ದಾರೆ. ಮಗಳು, ತಂಗಿ, ಸೊಸೆ, ಯಾರೇ ಇರಲಿ, ಪ್ರತಿ ತಿಂಗಳೂ ಮುಟ್ಟಿನ ನೋವಿಗೆ ಶಾಲೆ, ಕೆಲಸ ಬಿಟ್ಟು ಮಲಗುವಂತಾದರೆ, ಮಲವಿಸರ್ಜನೆಯಲ್ಲೂ ಮಿಲನದಲ್ಲೂ ನೋವಾಗುತ್ತಿದ್ದರೆ, ‘ತಡ್ಕೋ’ ಎನ್ನಬೇಡಿ. ಯಾವ ದಿನ, ಎಲ್ಲಿ, ಎಷ್ಟು ನೋವು ಎಂದು ಎರಡು ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ, ಅದನ್ನು ಹಿಡಿದುಕೊಂಡು ಸ್ತ್ರೀರೋಗ ತಜ್ಞರ ಬಳಿ ಹೋಗಿ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಹೊಟ್ಟೆಯ ಒಳಪೊರೆಯ ಮೇಲಿನ ಸಣ್ಣ ಚುಕ್ಕೆಗಳು ಸಾಮಾನ್ಯ ಸ್ಕ್ಯಾನಿಂಗ್‌ಗೆ ಸಿಗುವುದಿಲ್ಲ.